ಸಿಮೆಂಟ್ ಮೂಟೆಗಳ ನಡುವೆ ಕ್ರಿಸ್‌ಮಸ್

"ಅಜ್ಜೀ, ಈ ಸಲ ಗೋದಲಿ ಎಲ್ಲಿ ಇಡೋದು?"

ಹೋದ ಡಿಸೆಂಬರಿನ ಮೊದಲ ವಾರ ಮೊಮ್ಮಗಳು ಹೀಗೆ ಕೇಳಿದಾಗ ನಾನು ಸುತ್ತ ನೋಡಿದೆ. ಪ್ರತಿ ವರ್ಷ ಗೋದಲಿ ಇಡುತ್ತಿದ್ದ ಮೂಲೆಯಲ್ಲಿ ಎಂಟು ಸಿಮೆಂಟ್ ಮೂಟೆಗಳಿದ್ದವು. ನಕ್ಷತ್ರ ತೂಗುಹಾಕುತ್ತಿದ್ದ ಜಗುಲಿಯ ಮೇಲೆ ಮರಳಿನ ರಾಶಿ. ಅಡುಗೆಮನೆಯ ಒಂದು ಗೋಡೆಯೇ ಇರಲಿಲ್ಲ. ಅದರಾಚೆ ಹಿತ್ತಲಿನ ಕರಿಬೇವಿನ ಗಿಡ ನೇರವಾಗಿ ಒಲೆಯನ್ನೇ ನೋಡುತ್ತಿತ್ತು.

ಬಿನ್ನಿಪೇಟೆಯ ನಮ್ಮ ಮನೆ ರಿಪೇರಿಗೆ ಬಂದಿತ್ತು. ನವೆಂಬರ್ ಮಧ್ಯದಲ್ಲಿ ಶುರುವಾದ ಕೆಲಸ ಡಿಸೆಂಬರ್ ಹತ್ತಕ್ಕೆ ಮುಗಿಯುತ್ತದೆ ಎಂದು ಮಗ ಲೆಕ್ಕ ಹಾಕಿದ್ದ. ಮನೆ ರಿಪೇರಿ ಮಾಡಿಸಿದವರಿಗೆಲ್ಲ ಗೊತ್ತು, ಅಂಥ ಲೆಕ್ಕ ಕಾಗದದ ಮೇಲೆ ಮಾತ್ರ ಸರಿಯಾಗಿರುತ್ತದೆ. ಒಂದು ವಾರ ಜಿಟಿಜಿಟಿ ಮಳೆ ಹಿಡಿಯಿತು. ಪೈಪಿನವರು ಎರಡು ಸಲ ಕೈಕೊಟ್ಟರು. ಗೋಡೆ ಒಡೆದಾಗ ಒಳಗೆ ಗೆದ್ದಲು ಸಿಕ್ಕಿತು.

ಆದರೂ ಕೆಲಸ ಮುಂದೂಡುವಂತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಯಜಮಾನರು.

ನಮ್ಮದು ಹಳೆಯ ಕಾಲದ ಮನೆ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಿನಲ್ಲಿ. ಹಿಂಬಾಗಿಲ ಎತ್ತರದ ಹೊಸ್ತಿಲು ದಾಟಿ ಮೂರು ಮೆಟ್ಟಿಲು ಇಳಿದು ಹೋಗಬೇಕು. ಎಪ್ಪತ್ತೆಂಟು ವರ್ಷದ ಅವರು ಸೆಪ್ಟೆಂಬರಿನ ಒಂದು ಮಳೆ ರಾತ್ರಿ ಆ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಾನು ನಿದ್ದೆಯಲ್ಲಿದ್ದೆ. ಅವರು ಕೂಗಿದ್ದು ಮಳೆ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಎಷ್ಟು ಹೊತ್ತು ಅಲ್ಲಿ ಬಿದ್ದಿದ್ದರೋ, ಅದನ್ನು ಅವರು ಇವತ್ತಿಗೂ ಹೇಳಿಲ್ಲ.

ಬಚ್ಚಲನ್ನು ಮನೆಯೊಳಗೆ ತರಬೇಕು, ಹೊಸ್ತಿಲು ತೆಗೆಯಬೇಕು, ನಡುವಿನ ಒಂದು ಗೋಡೆ ಒಡೆಯಬೇಕು, ಹಿಂದಿನ ಕೋಣೆಗಳ ಹೆಂಚು ತೆಗೆದು ಆರ್‌ಸಿಸಿ ಹಾಕಬೇಕು ಎಂದು ಮಗ ತೀರ್ಮಾನ ಮಾಡಿದ. ಇವರು ಒಂದೇ ಮಾತು ಹೇಳಿದರು: "ನಾನು ಸತ್ತ ಮೇಲೆ ಒಡೀರಿ."

ಆ ಮಾತಾದ ಮೇಲೆ ಅಪ್ಪ–ಮಗ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಸೈರನ್ ಕೇಳಿ ಎದ್ದ ಬೀದಿ

ಇವರ ಕೋಪ ಅರ್ಥವಾಗಬೇಕಾದರೆ ನಮ್ಮ ಬಿನ್ನಿಪೇಟೆಯ ಕತೆ ಗೊತ್ತಿರಬೇಕು. ಮಕ್ಕಳೇ, ಇದು ನಿಮಗೇ.

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಒಂದೊಂದು ಹುಟ್ಟಿನ ಕತೆ ಇದೆ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಊರಿಗೆ ಪ್ಲೇಗ್ ಮಾರಿ ಬಂದು ಇಕ್ಕಟ್ಟಾದ ಪೇಟೆಗಳಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೆಳೆದವು. ನಮ್ಮ ಪೇಟೆಯನ್ನು ಬೆಳೆಸಿದ್ದು ಒಂದು ಮಿಲ್ಲು. 1884ರಲ್ಲಿ ಇಲ್ಲಿ 'ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್' ಶುರುವಾಯಿತು. ಅದನ್ನು ನಡೆಸಿದ್ದು ಮದರಾಸಿನ ಬಿನ್ನಿ ಕಂಪನಿ. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಜನರ ಬಾಯಲ್ಲಿ ಅದು 'ಬಿನ್ನಿ ಮಿಲ್' ಆಯಿತು, ಸುತ್ತಲ ಜಾಗ ಬಿನ್ನಿಪೇಟೆಯಾಯಿತು.

ನನ್ನ ಮಾವನವರು ಆ ಮಿಲ್ಲಿನ ಮಗ್ಗದ ವಿಭಾಗದಲ್ಲಿದ್ದರು. ಮಿಲ್ಲಿನ ಸೈರನ್ ಆದಾಗ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳೆಲ್ಲ ಒಟ್ಟಿಗೆ ಏಳುತ್ತಿದ್ದವಂತೆ. ಗಡಿಯಾರ ಇಲ್ಲದ ಮನೆಯವರೂ ಸೈರನ್ ಲೆಕ್ಕದಲ್ಲೇ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ದಿನವಿಡೀ ಮಗ್ಗಗಳ ಸದ್ದು ಕೇಳಿ ಕೇಳಿ ಮಾವನವರಿಗೆ ಕಿವಿ ಮಂದವಾಗಿತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಗದರುತ್ತಾರೆ ಎಂದು ಹೆದರಿಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಪ್ರೀತಿಯಿಂದ ಮಾತಾಡಿದರೂ ಅಷ್ಟೇ ಜೋರು.

ಈ ಮನೆಯನ್ನು ಅವರು ಒಂದೇ ಸಲಕ್ಕೆ ಕಟ್ಟಲಿಲ್ಲ. ಬೋನಸ್ ಬಂದ ವರ್ಷ ಗೋಡೆ, ಮುಂದಿನ ಬೋನಸ್ಸಿಗೆ ಹೆಂಚು, ಅದರ ಮುಂದಿನದಕ್ಕೆ ನೆಲ. ನೆಲ ಹಾಕುವ ದಿನ ನಮ್ಮ ಯಜಮಾನರಿಗೆ ಹತ್ತು ವರ್ಷ. ಬೀದಿ ನಲ್ಲಿಯಿಂದ ನೀರು ಹೊತ್ತು ತಂದವರು ಅವರೇ.

ಈಗ ಆ ಮಿಲ್ಲಿಲ್ಲ. ಅದಿದ್ದ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳಿವೆ, ಮಾಲ್ ಇದೆ. ಹತ್ತಿರದಲ್ಲೇ ಮೆಟ್ರೊ ಓಡುತ್ತದೆ. ಮೊಮ್ಮಗಳಿಗೆ 'ಮಿಲ್' ಎಂದರೆ ರಾಗಿ ಬೀಸುವ ಅಂಗಡಿ. ಅದರಲ್ಲಿ ಅವಳ ತಪ್ಪೇನಿದೆ? ಆದರೆ ಇವರಿಗೆ ತಮ್ಮ ಅಪ್ಪನ ದುಡಿಮೆಯಲ್ಲಿ ಉಳಿದಿರುವುದು ಈ ನಾಲ್ಕು ಗೋಡೆ ಮತ್ತು ಆ ಕೆಂಪು ನೆಲ ಮಾತ್ರ.

ಹೆಂಚಿನ ಮೇಲಿನ ಅಕ್ಷರ

ಕೊನೆಗೆ ಇವರು ಒಪ್ಪಿದ್ದು ನನಗಾಗಿ. "ಇನ್ನೊಂದು ಸಲ ನೀವು ಬಿದ್ದರೆ ಎತ್ತುವ ಶಕ್ತಿ ನನ್ನ ಕೈಗಿಲ್ಲ" ಎಂದೆ. ಇವರು ಏನೂ ಹೇಳಲಿಲ್ಲ. ಮಾರನೆಯ ದಿನ ಮಗನಿಗೆ "ಮೇಸ್ತ್ರಿಗೆ ಬರೋಕೆ ಹೇಳು" ಎಂದರು.

ಹೆಂಚು ಇಳಿಸುವ ದಿನ ಮೊಮ್ಮಗಳು ಶಾಲೆಯಿಂದ ಬಂದವಳೇ ಒಂದು ಹೆಂಚನ್ನು ಎತ್ತಿಕೊಂಡು ಧೂಳು ಒರೆಸಿದಳು. ಅದರ ಮೇಲೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರಗಳು. ಕೂಡಿಸಿ ಓದಿದಳು. "ಅಜ್ಜೀ, ಮಂಗಳೂರು ಅಂತಿದೆ! ಅಷ್ಟು ದೂರದಿಂದ ಯಾಕೆ ತಂದರು?"

ಒಳ್ಳೆಯ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಶಾಲೆ ತೆರೆದರು, ಮುದ್ರಣಾಲಯ ಹಾಕಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದು ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ ಅವರಿಂದ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟೂ ಅದೇ ಮಿಷನ್ನಿನ ಕೊಡುಗೆ. ಅವರ ಸಭೆಗೆ ಸೇರಿದ ಎಷ್ಟೋ ಜನ ತಮ್ಮ ಹಿಂದಿನ ಕಸುಬು, ಆಸರೆಗಳನ್ನು ಕಳೆದುಕೊಂಡಿದ್ದರು. ಅವರಿಗೆ ಕೆಲಸ ಬೇಕಿತ್ತು. ಅದಕ್ಕಾಗಿ ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಕರಾವಳಿಯ ನದೀತೀರದ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದಂತಿತ್ತು.

ಮಂಗಳೂರು ಹೆಂಚಿನ ಜಾಣತನ ಅದರ ಅಂಚಿನಲ್ಲಿದೆ. ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ಕಾಲುವೆಯೊಳಗೆ ಕೂರುತ್ತದೆ. ಗಾರೆ ಬೇಡ, ಮೊಳೆ ಬೇಡ. ಒಂದು ಒಡೆದರೆ ಅದನ್ನಷ್ಟೇ ಬದಲಾಯಿಸಬಹುದು. ಕರಾವಳಿಯಲ್ಲಿ ಮುಂದೆ ಇಂಥ ಕಾರ್ಖಾನೆಗಳು ಬಹಳಷ್ಟು ಆದವು. ಕೈಯಲ್ಲಿ ಮಾಡಿದ ನಾಡಹೆಂಚಿನ ಜಾಗಕ್ಕೆ ಈ ಹೆಂಚು ಬಂದು ನಮ್ಮ ನಾಡಿನ ಶಾಲೆ, ರೈಲು ನಿಲ್ದಾಣ, ಚರ್ಚು, ಮನೆಗಳನ್ನೆಲ್ಲ ಮುಚ್ಚಿತು.

"ಹಾಗಾದರೆ ಇದೂ ಒಂದು ಕಾಲದಲ್ಲಿ ಹೊಸದು!" ಎಂದಳು ಮೊಮ್ಮಗಳು. ಅವಳ ತಾತ ಆ ಮಾತು ಕೇಳಿ ಮೊದಲ ಸಲ ನಕ್ಕರು. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹಾಕಿದಾಗಲೂ ಯಾವುದೋ ಮನೆಯ ಯಜಮಾನರು ಮುನಿಸಿಕೊಂಡಿರಬೇಕು.

ಗಟ್ಟಿಯಾಗಿದ್ದ ಹೆಂಚುಗಳನ್ನು ಹಳೆ ಮನೆ ಸಾಮಾನು ಕೊಳ್ಳುವವರು ಒಯ್ದರು. ಅವು ಇನ್ಯಾರದೋ ತಲೆಯ ಮೇಲೆ ನೆರಳಾಗುತ್ತವೆ. ಅಕ್ಷರ ಚೆನ್ನಾಗಿದ್ದ ಮೂರನ್ನು ನಾವು ಇಟ್ಟುಕೊಂಡೆವು. ಮಳೆ ಬಂದಾಗ ಹೆಂಚಿನ ಮೇಲೆ ಕೇಳುತ್ತಿದ್ದ ಸದ್ದು ಮಾತ್ರ ಹೋಯಿತು. ಅದನ್ನು ಇಟ್ಟುಕೊಳ್ಳುವ ದಾರಿ ಯಾರಿಗೂ ತಿಳಿಯಲಿಲ್ಲ.

ಮೇಸ್ತ್ರಿ ಕಲಿತ ಪಾಠ, ತಾತ ಕಲಿಸಿದ ಪಾಠ

ನಮ್ಮ ಮೇಸ್ತ್ರಿ ರಾಯಚೂರು ಕಡೆಯವರು. ಅವರ ಜೊತೆ ಇಬ್ಬರು ಗಾರೆ ಕೆಲಸದವರು, ಯಾದಗಿರಿ ಕಡೆಯ ಗಂಡ–ಹೆಂಡತಿ, ಅವರ ಐದು ವರ್ಷದ ಮಗ. ಬೆಂಗಳೂರಿನ ಎಷ್ಟೋ ಮನೆಗಳನ್ನು ಕಟ್ಟುವ ಕೈಗಳು ಆ ಸೀಮೆಯಿಂದ ಬಂದವು. ಮಳೆ ಕೈಕೊಟ್ಟು ಹೊಲ ಒಣಗಿದಾಗ, ಸುಗ್ಗಿ ಮುಗಿದಾಗ ಅವರು ಇತ್ತ ಬರುತ್ತಾರೆ. ನಮಗೆ ಮನೆ ಕಟ್ಟಿಕೊಟ್ಟು ತಾವು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ.

ಹಾಲಿನ ಕೆಂಪು ನೆಲವನ್ನೂ ತೆಗೆದು ಹೊಳೆಯುವ ಟೈಲ್ಸ್ ಹಾಕಿಸಬೇಕು ಎಂಬುದು ಮಗನ ಆಸೆ. ಮೇಸ್ತ್ರಿ ಆ ನೆಲದ ಮೇಲೆ ಕೂತು ಅಂಗೈಯಿಂದ ಸವರಿ ನೋಡಿದರು. "ಬ್ಯಾಡ್ರೀ ಅಮ್ಮಾರ, ಇದನ್ನ ಒಡೀಬ್ಯಾಡ್ರಿ. ಇಂಥಾ ನೆಲಾ ಮಾಡಾವ್ರು ಈಗ ಸಿಗಂಗಿಲ್ರಿ. ನನಗೂ ಬರಂಗಿಲ್ಲ" ಎಂದರು. ಕೂಲಿ ಸಿಗುವ ಕೆಲಸವನ್ನು ತಾವಾಗಿಯೇ ಬೇಡವೆಂದ ಅವರನ್ನು ನಾನು ಮರೆಯುವುದಿಲ್ಲ.

ನೆಲ ಉಳಿಯಿತು. ಆದರೆ ಒಡೆದ ಗೋಡೆಯ ಜಾಗದಲ್ಲಿ ಒಂದು ಅಡಿ ಅಗಲದ ಪಟ್ಟಿ ಬರಿದಾಗಿ ಉಳಿದಿತ್ತು. ಅದನ್ನು ಏನಿಂದ ತುಂಬುವುದು? ಆಗ ಮೂಲೆಯ ಕುರ್ಚಿಯಿಂದ ಇವರು ಹೇಳಿದರು: "ನಾನು ಹೇಳ್ತೀನಿ, ನೀವು ಮಾಡಿ."

ಹತ್ತು ವರ್ಷದ ಹುಡುಗ ನೀರು ಹೊರುತ್ತ ನೋಡಿದ್ದೆಲ್ಲ ಎಪ್ಪತ್ತೆಂಟರಲ್ಲಿ ಹೊರಬಂತು. ಮೊದಲು ತಳವನ್ನು ಚೆನ್ನಾಗಿ ನೆನೆಸಬೇಕು. ಅದರ ಮೇಲೆ ಮರಳು–ಸಿಮೆಂಟಿನ ಒಂದು ಪದರ. ಅದು ಹಸಿ ಇರುವಾಗಲೇ ಒಂದು ಪಾಲು ಕೆಂಪು ಆಕ್ಸೈಡ್ ಪುಡಿಗೆ ಮೂರು ಪಾಲು ಸಿಮೆಂಟ್ ಬೆರೆಸಿ ಮೇಲೆ ಎಳೆಯಬೇಕು. ಒಣಪುಡಿಯನ್ನು ಮೊದಲೇ ಒಂದೇ ಬಣ್ಣ ಬರುವವರೆಗೆ ಕಲಸಿರಬೇಕು, ಇಲ್ಲದಿದ್ದರೆ ನೆಲದಲ್ಲಿ ಮಚ್ಚೆ ಏಳುತ್ತದೆ. ಕರಣೆ ಹಿಡಿದ ಕೈ ನಡುವೆ ನಿಲ್ಲಬಾರದು. ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ. ನುಣುಪು ಬರುವವರೆಗೆ ತಿಕ್ಕಿ, ಆಮೇಲೆ ಒಂದು ವಾರ ನೀರು ಆರಲು ಬಿಡಬಾರದು. ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಬೇಕು. ಹೊಳಪು ಒಂದು ದಿನಕ್ಕೆ ಬರುವುದಿಲ್ಲ, ಮನೆಮಂದಿ ಓಡಾಡಿ ಓಡಾಡಿ ಬರುತ್ತದೆ.

ಡಿಸೆಂಬರ್ ಹದಿನಾರರಂದು ಮೇಸ್ತ್ರಿ ಆ ಪಟ್ಟಿ ಹಾಕಿದರು. ಇವರು ಕುರ್ಚಿಯಲ್ಲಿ ಕೂತು "ಇನ್ನೂ ತಿಕ್ಕಿ, ಇನ್ನೂ" ಎನ್ನುತ್ತಿದ್ದರು. ಮಗ ಪಕ್ಕದಲ್ಲಿ ನಿಂತು ನೀರು ಚಿಮುಕಿಸುತ್ತಿದ್ದ. ಅಪ್ಪ–ಮಗ ಮತ್ತೆ ಮಾತಾಡಿದ್ದು ಅವತ್ತೇ.

ವಾರವಾದ ಮೇಲೆ ನೋಡಿದರೆ ಬಣ್ಣ ಹೊಂದಿರಲಿಲ್ಲ. ಹೊಸ ಪಟ್ಟಿ ಕಡುಗೆಂಪು, ಹಳೆಯ ನೆಲ ಕಾಯಿಸಿದ ಹಣ್ಣಡಿಕೆಯ ಬಣ್ಣ. ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡರು. ಇವರು ಅದನ್ನು ಸ್ವಲ್ಪ ಹೊತ್ತು ನೋಡಿ, "ಇರಲಿ ಬಿಡಿ, ಗೋಡೆ ಎಲ್ಲಿತ್ತು ಅಂತ ಗೊತ್ತಾಗುತ್ತೆ" ಎಂದರು.

ತಿರುಗಿ ಬಂದ ತಟ್ಟೆಗಳು

ಕ್ರಿಸ್‌ಮಸ್ ಎಂದರೆ ನಮ್ಮ ಮನೆಯಲ್ಲಿ ಮುಖ್ಯವಾದದ್ದು ತಟ್ಟೆ. ಡಿಸೆಂಬರ್ ಇಪ್ಪತ್ತರಿಂದಲೇ ಎಣ್ಣೆ ಬಾಣಲೆ ಒಲೆಯ ಮೇಲಿರುತ್ತಿತ್ತು. ಕಲ್ಕಲ್, ಗುಲಾಬಿ ಹೂವಿನ ಅಚ್ಚಿನ ತಿಂಡಿ, ಕರ್ಜಿಕಾಯಿ, ಚಕ್ಕುಲಿ, ಕೇಕು. ಇಪ್ಪತ್ತನಾಲ್ಕರ ಸಂಜೆ ತಟ್ಟೆಗಳಲ್ಲಿ ಜೋಡಿಸಿ, ಮೇಲೆ ಕ್ರೋಷಾ ಬಟ್ಟೆ ಮುಚ್ಚಿ ಮನೆಮನೆಗೆ ಕೊಡುತ್ತಿದ್ದೆವು. ನನ್ನ ಅತ್ತೆಯ ಕಾಲದಿಂದ ಒಂದು ವರ್ಷವೂ ತಪ್ಪಿರಲಿಲ್ಲ.

ಈ ಸಲ ಒಲೆಯೇ ಇಲ್ಲ. ಅಡುಗೆಮನೆಯ ಸಾಮಾನೆಲ್ಲ ರಟ್ಟಿನ ಡಬ್ಬಗಳಲ್ಲಿ. ಗುಲಾಬಿ ಅಚ್ಚು ಯಾವ ಡಬ್ಬದಲ್ಲಿದೆ ಎಂಬುದೂ ಗೊತ್ತಿಲ್ಲ. ನನಗೆ ಅಳುವೇ ಬಂತು. "ಮುಂದಿನ ವರ್ಷ ಮಾಡಿದರಾಯಿತು" ಎಂದು ಎಲ್ಲರೂ ಸಮಾಧಾನ ಹೇಳಿದರು. ಎಪ್ಪತ್ತು ದಾಟಿದವರಿಗೆ 'ಮುಂದಿನ ವರ್ಷ' ಎಂಬ ಮಾತು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಇಪ್ಪತ್ತನಾಲ್ಕರ ಸಂಜೆ ಆರು ಗಂಟೆ. ಎದುರು ಮನೆಯ ಮುಸ್ಲಿಂ ಅಕ್ಕ ಒಂದು ತಟ್ಟೆ ಹಿಡಿದು ಬಂದರು. ಮೇಲೆ ನನ್ನದೇ ಕ್ರೋಷಾ ಬಟ್ಟೆ, ಹಿಂದೆಂದೋ ಅವರ ಮನೆಯಲ್ಲೇ ಉಳಿದದ್ದು. ಒಳಗೆ ಶೀರ್ ಕುರ್ಮಾದ ಬಟ್ಟಲು. "ರಂಜಾನಿಗೆ ಮಾತ್ರ ಮಾಡಬೇಕು ಅಂತ ಎಲ್ಲಿದೆ ಅಮ್ಮಾ?" ಎಂದರು. ಅರ್ಧ ಗಂಟೆಗೆ ಹಿಂದಿನ ಬೀದಿಯಿಂದ ಒಬ್ಬಟ್ಟು ಬಂತು. ಮೂಲೆ ಮನೆಯ ತಮಿಳಿನವರು ಮುರುಕು ತಂದರು. ಇಷ್ಟು ವರ್ಷ ನಮ್ಮ ಮನೆಯಿಂದ ಹೋದ ತಟ್ಟೆಗಳು ಒಂದೇ ಸಂಜೆ ತಿರುಗಿ ಬಂದ ಹಾಗಿತ್ತು. ಕೊಟ್ಟ ತಟ್ಟೆಯನ್ನು ಬರಿದಾಗಿ ವಾಪಸು ಕೊಡಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮ ಹಿರಿಯರು ಯಾಕೆ ಹೇಳುತ್ತಿದ್ದರೋ, ಅವತ್ತು ತಿಳಿಯಿತು.

ಇಷ್ಟು ವರ್ಷ ನಾನು ಕೊಡುವವಳಾಗಿದ್ದೆ. ಕೊಡುವುದರಲ್ಲಿ ಒಂದು ಸಣ್ಣ ಹೆಮ್ಮೆ ಇರುತ್ತದೆ. ಕೈಚಾಚಿ ತೆಗೆದುಕೊಳ್ಳುವುದು ಅದಕ್ಕಿಂತ ಕಷ್ಟ. ನಮ್ಮ ಯಜಮಾನರಿಗೆ ಸೆಪ್ಟೆಂಬರಿನಿಂದ ಇದೇ ಕಷ್ಟವಾಗಿತ್ತು ಎಂಬುದೂ ನನಗೆ ಆಗಲೇ ಹೊಳೆದದ್ದು. ಅವರ ಕೋಪ ನೆಲದ ಬಗ್ಗೆ ಅಷ್ಟೇ ಆಗಿರಲಿಲ್ಲ.

ಗೋದಲಿಯ ಜಾಗ ಹುಡುಕಿದ್ದು ಮೊಮ್ಮಗಳು. ಯಾದಗಿರಿಯ ಹುಡುಗನನ್ನು ಜೊತೆ ಮಾಡಿಕೊಂಡು ಎರಡು ಸಿಮೆಂಟ್ ಮೂಟೆಗಳ ನಡುವೆ ಮರಳು ಹರವಿದಳು. ಉಳಿಸಿಕೊಂಡ ಮೂರು ಹೆಂಚುಗಳಲ್ಲಿ ಎರಡನ್ನು ಇಳಿಜಾರಾಗಿ ನಿಲ್ಲಿಸಿ ಮಾಡು ಮಾಡಿದಳು. ಒಳಗೆ ಮರಿಯಮ್ಮ, ಯೋಸೇಫ, ಕುರಿ, ದನ. ಬಾಲಯೇಸುವಿನ ಬೊಂಬೆ ಡಬ್ಬದಲ್ಲಿ ಸಿಕ್ಕಿದ್ದು ರಾತ್ರಿ ಹತ್ತು ಗಂಟೆಗೆ.

"ಇವ್ರ ಮನೀನೂ ರಿಪೇರಿ ನಡದೈತೇನ್ರಿ ಅಜ್ಜಿ?" ಎಂದು ಆ ಹುಡುಗ ಕೇಳಿದ. "ಅವರಿಗೆ ಉಳಿಯೋಕೆ ಛತ್ರದಲ್ಲಿ ಜಾಗ ಸಿಗಲಿಲ್ಲ ಮಗಾ, ಕೆಲಸಕ್ಕೆ ಬಾರದ ಜಾಗದಲ್ಲಿ ಇದ್ದರು. ಈ ಅಪ್ಪ ಇದ್ದಾರಲ್ಲ, ಅವರು ಬಡಗಿ" ಎಂದೆ. ಅವನು ಯೋಸೇಫನ ಬೊಂಬೆಯನ್ನು ಎತ್ತಿ ಮತ್ತೊಮ್ಮೆ ನೋಡಿದ. "ನಮ್ಮಪ್ಪನಂಗ" ಎಂದ.

ಮಕ್ಕಳೇ, ಗೋದಲಿ ಕಟ್ಟುವ ರೂಢಿಯನ್ನು ಇಟಲಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚೊ ಎಂಬ ಹಳ್ಳಿಯಲ್ಲಿ ಜನಪ್ರಿಯಗೊಳಿಸಿದರು. ಅವರು ಹುಲ್ಲು, ನಿಜವಾದ ಎತ್ತು, ಕತ್ತೆಗಳನ್ನೇ ಇಟ್ಟಿದ್ದರಂತೆ. ಯೇಸು ಹುಟ್ಟಿದಾಗಿನ ಬಡತನವನ್ನು ಕಣ್ಣಾರೆ ಕಾಣುವಂತೆ ಮಾಡುವುದು ಅವರ ಉದ್ದೇಶ. ಇಷ್ಟು ವರ್ಷ ನಾವು ಹೊಳೆಯುವ ಕಾಗದ, ಬಣ್ಣದ ದೀಪಗಳಿಂದ ಗೋದಲಿ ಕಟ್ಟುತ್ತಿದ್ದೆವು. ಈ ಸಲದ್ದೇ ಅದಕ್ಕೆ ಹತ್ತಿರವಾಗಿತ್ತು.

ಕ್ರಿಸ್‌ಮಸ್ ಬೆಳಗ್ಗೆ

ಕ್ರಿಸ್‌ಮಸ್ ದಿನ ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚಿಗೆ ಬೆಳಗಿನ ಆರಾಧನೆಗೆ ಹೋಗುವುದು ನಮ್ಮ ರೂಢಿ. ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ಅವರ ನೆನಪಿಗೆ 1904ರಲ್ಲಿ ಕಟ್ಟಿದ ಕಲ್ಲಿನ ಚರ್ಚು ಅದು. ಕನ್ನಡದ ಕೀರ್ತನೆಗಳನ್ನು ಅಲ್ಲಿ ಕೇಳಿದರೇ ನಮಗೆ ಹಬ್ಬ.

ಅವತ್ತು ನಾಲ್ಕೂವರೆಗೆ ನನಗೆ ಎಚ್ಚರವಾದಾಗ ಪಕ್ಕದಲ್ಲಿ ಇವರಿರಲಿಲ್ಲ. ಎದೆ ಧಸಕ್ಕೆಂದಿತು. ಎದ್ದು ನೋಡಿದರೆ ಹೊಸ ಬಚ್ಚಲಿನ ದೀಪ ಉರಿಯುತ್ತಿತ್ತು. ಬಾಗಿಲಿಗೆ ಇನ್ನೂ ಬಣ್ಣವಿಲ್ಲ, ಗೋಡೆಗೆ ಸುಣ್ಣವಿಲ್ಲ. ಇವರು ಯಾರನ್ನೂ ಎಬ್ಬಿಸದೆ ಗೋಡೆಯ ಹಿಡಿಕೆ ಹಿಡಿದುಕೊಂಡು ತಾವೇ ಹೋಗಿ, ಸ್ನಾನ ಮುಗಿಸಿ, ಬಿಳಿ ಪಂಚೆಯುಟ್ಟು ಹೊರಗೆ ಬಂದರು. ಕೆಂಪು ಪಟ್ಟಿಯ ಮೇಲೆ ಒಂದು ಕ್ಷಣ ನಿಂತರು. ನನ್ನನ್ನು ನೋಡಿ, "ಏನೇ ನೋಡ್ತೀಯ? ಹೊರಡು, ಲೇಟಾಗುತ್ತೆ" ಎಂದರು.

ಮಧ್ಯಾಹ್ನ ಮೇಸ್ತ್ರಿ ಮತ್ತು ಅವರ ಜೊತೆಯವರು ಊಟಕ್ಕೆ ಬಂದರು. ಮಗ ಹೋಟೆಲಿನಿಂದ ಬಿರಿಯಾನಿ ತಂದಿದ್ದ. ಕುರ್ಚಿ ಮೇಜು ಇರಲಿಲ್ಲ, ಎಲ್ಲರೂ ಕೆಂಪು ನೆಲದ ಮೇಲೆ ಪಂಕ್ತಿ ಕೂತೆವು. ಊಟಕ್ಕೆ ಮೊದಲು ಇವರು ಪ್ರಾರ್ಥನೆ ಮಾಡಿದರು. ಪ್ರತಿ ವರ್ಷ ಅವರ ಪ್ರಾರ್ಥನೆಯಲ್ಲಿ ಅಪ್ಪ, ಅಮ್ಮ, ಮಕ್ಕಳ ಹೆಸರಿರುತ್ತದೆ. ಈ ಸಲ ಮೇಸ್ತ್ರಿಯ ಹೆಸರೂ, ಆ ಗಂಡ–ಹೆಂಡತಿಯ ಹೆಸರೂ, ಹುಡುಗನ ಹೆಸರೂ ಇತ್ತು. ತಮ್ಮ ಹೆಸರು ಕೇಳಿದ ಹುಡುಗ ಕಣ್ಣು ಬಿಟ್ಟು ಸುತ್ತ ನೋಡಿದ.

ಕೆಲಸ ಪೂರ್ತಿ ಮುಗಿದದ್ದು ಸಂಕ್ರಾಂತಿ ಕಳೆದ ಮೇಲೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆಯೇ?

ನಾವು ಬಿದ್ದ ಮೇಲೆ ಕಲಿತದ್ದನ್ನು ನೀವು ಬೀಳುವ ಮೊದಲೇ ಮಾಡಿಕೊಳ್ಳಿ.

• ಬಚ್ಚಲಿನ ಬಾಗಿಲು ಹೊರಗೆ ತೆರೆಯಲಿ. ಒಳಗೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಬಿದ್ದರೆ ಬಾಗಿಲು ತೆಗೆಯಲಾಗುವುದಿಲ್ಲ.

• ಕುಳಿತು ಏಳುವ ಜಾಗದಲ್ಲಿ ಕೈಗೆ ಸಿಗುವಂತೆ ಗೋಡೆಗೆ ಗಟ್ಟಿ ಹಿಡಿಕೆ ಇರಲಿ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ.

• ಬಚ್ಚಲಿಗೆ ಒರಟು ಮೈಯ ಟೈಲ್ಸ್ ಹಾಕಿಸಿ. ಹೊಳೆಯುವುದು ಒದ್ದೆಯಾದರೆ ಜಾರುತ್ತದೆ.

• ಸಾಧ್ಯವಾದರೆ ಬಾಗಿಲು 90 ಸೆಂಟಿಮೀಟರ್ ಅಗಲವಿರಲಿ. ಮುಂದೆ ಗಾಲಿಕುರ್ಚಿ ಬೇಕಾದರೂ ದಾಟುತ್ತದೆ.

• ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ.

ಮಕ್ಕಳೇ, ನಿಮಗೂ ಒಂದು ಕೆಲಸ. ನಿಮ್ಮ ಮನೆಯಲ್ಲಿ ಏನಾದರೂ ಒಡೆಯುವ, ತೆಗೆಯುವ ಮೊದಲು ಅದು ಹೇಗೆ ಬಂತು ಎಂದು ತಾತ–ಅಜ್ಜಿಯರನ್ನು ಕೇಳಿ. ಒಂದು ಪುಸ್ತಕದಲ್ಲಿ ಬರೆದಿಡಿ. ನಮ್ಮ ಮೊಮ್ಮಗಳ ಪುಸ್ತಕದ ಮೊದಲ ಪುಟದಲ್ಲಿ ಹೀಗಿದೆ: ಒಂದು ಪಾಲು ಕೆಂಪು, ಮೂರು ಪಾಲು ಸಿಮೆಂಟ್, ಕೈ ನಿಲ್ಲಿಸಬಾರದು. ಮೇಸ್ತ್ರಿ ಊರಿಗೆ ಹೊರಡುವ ದಿನ ಅದನ್ನು ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರು.